ಬಾಕಿ ಸೊನ್ನೆ ಎಂದ ಪತ್ರ: ಪ್ರವೇಶ ಸಿಕ್ಕ ನಂತರದ ಒಂದು ತಿಂಗಳ ಪ್ರಕರಣ ಅಧ್ಯಯನ

2025ರ ಏಪ್ರಿಲ್ ಮೊದಲ ವಾರದಲ್ಲಿ, ಅಮೆರಿಕದಲ್ಲಿ ನೆಲೆಸಿರುವ ಪರಿಚಯದ ಕನ್ನಡ ಕುಟುಂಬವೊಂದು ತಮ್ಮ ಮಗಳಿಗೆ ಬಂದಿದ್ದ ಮೂರು ಪ್ರವೇಶ ಪತ್ರಗಳನ್ನೂ ಅವುಗಳ ಜೊತೆಗಿದ್ದ ಹಣಕಾಸು ನೆರವಿನ ಪತ್ರಗಳನ್ನೂ ನನ್ನ ಮುಂದೆ ಹರವಿತು. ಪದವಿ ಪ್ರವೇಶ ಪಡೆದವರು ಯಾವ ವಿಶ್ವವಿದ್ಯಾಲಯಕ್ಕೆ ಸೇರುತ್ತೇವೆಂದು ತಿಳಿಸಿ ಮುಂಗಡ ಕಟ್ಟಲು ಅಲ್ಲಿ ರೂಢಿಯಲ್ಲಿರುವ ಕೊನೆಯ ದಿನ ಮೇ 1. ಕೈಯಲ್ಲಿ ಇದ್ದದ್ದು ನಾಲ್ಕು ವಾರ ಮಾತ್ರ. ಇಂತಹ ಪತ್ರಗಳನ್ನು ಓದಿ ಲೆಕ್ಕ ಬಿಡಿಸಿಕೊಡುವುದು ನನ್ನ ಉದ್ಯೋಗವಲ್ಲ; ನನ್ನ ಮಕ್ಕಳ ಸರದಿಯಲ್ಲಿ ಪೆಟ್ಟು ತಿಂದು ಕಲಿತದ್ದನ್ನು ಕೇಳಿದವರಿಗೆ ಹೇಳುವ ಅಭ್ಯಾಸವಷ್ಟೇ ಇದೆ. ಕುಟುಂಬದ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ವಿಶ್ವವಿದ್ಯಾಲಯಗಳ ಹೆಸರುಗಳನ್ನು ಬಿಟ್ಟು, ಮೊತ್ತಗಳನ್ನು ಸಾವಿರದ ಅಂಕಿಗಳಿಗೆ ಹೊಂದಿಸಿದ್ದೇನೆ.

ಮೂರರಲ್ಲಿ ಒಂದು ಪತ್ರವನ್ನು ಐದೇ ನಿಮಿಷದಲ್ಲಿ ಬದಿಗಿಟ್ಟೆವು. ಅದು ಬೇರೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯದ್ದು. ಹೊರಗಿನವರಿಗೆ ವಿಧಿಸುವ ಪೂರ್ಣ ಶುಲ್ಕವನ್ನು ನಮೂದಿಸಿ, ವಿದ್ಯಾರ್ಥಿ ಸಾಲದ ಹೊರತು ಬೇರೇನನ್ನೂ ಕೊಟ್ಟಿರಲಿಲ್ಲ. ಉಳಿದದ್ದು ಎರಡು: ವಿಮಾನದಲ್ಲಿ ಹೋಗಬೇಕಾದ ದೂರದ ಒಂದು ಖಾಸಗಿ ವಿಶ್ವವಿದ್ಯಾಲಯ ಮತ್ತು ಮನೆಯಿಂದ ಕಾರಿನಲ್ಲಿ ನಾಲ್ಕು ಗಂಟೆ ದೂರದ, ತಮ್ಮದೇ ರಾಜ್ಯದ ವಿಶ್ವವಿದ್ಯಾಲಯ. ಹುಡುಗಿಯ ಮನಸ್ಸು ಮೊದಲನೆಯದರಲ್ಲಿತ್ತು. ಅವಳು ಓದಬೇಕೆಂದಿದ್ದ ವಿಷಯ ಸಂಖ್ಯಾಶಾಸ್ತ್ರ.

ಖಾಸಗಿ ವಿಶ್ವವಿದ್ಯಾಲಯದ ಪತ್ರ ನೋಡಲು ಅಚ್ಚುಕಟ್ಟಾಗಿತ್ತು. ಮೇಲೆ ವರ್ಷದ ಒಟ್ಟು ವೆಚ್ಚ 84,000 ಡಾಲರ್. ಅದರ ಕೆಳಗೆ ‘ನಿಮ್ಮ ನೆರವು’ ಎಂಬ ಒಂದೇ ತಲೆಬರಹದಡಿ ಐದು ಸಾಲುಗಳು: ಮೆರಿಟ್ ಸ್ಕಾಲರ್‌ಶಿಪ್ 30,000, ವಿಶ್ವವಿದ್ಯಾಲಯದ ಗ್ರಾಂಟ್ (ಮನೆಯ ಆರ್ಥಿಕ ಸ್ಥಿತಿ ನೋಡಿ ಕೊಡುವ ಸಹಾಯಧನ) 16,000, ವಿದ್ಯಾರ್ಥಿಯ ಫೆಡರಲ್ (ಅಲ್ಲಿನ ಕೇಂದ್ರ ಸರ್ಕಾರದ) ಸಾಲ 5,500, ವರ್ಕ್-ಸ್ಟಡಿ 2,500, ಪೇರೆಂಟ್ ಪ್ಲಸ್ ಸಾಲ 30,000. ಎಲ್ಲವನ್ನೂ ಕೂಡಿಸಿ ಕೊನೆಯಲ್ಲಿ ದಪ್ಪಕ್ಷರದಲ್ಲಿ ಬಾಕಿ 0 ಎಂದು ಬರೆದಿತ್ತು. ರಾಜ್ಯ ವಿಶ್ವವಿದ್ಯಾಲಯದ ಪತ್ರವಾದರೋ ಒಟ್ಟು ವೆಚ್ಚ 33,000, ಸ್ಕಾಲರ್‌ಶಿಪ್ ಮತ್ತು ಗ್ರಾಂಟ್ ಸೇರಿ 9,000 ಎಂದು ತೋರಿಸಿ, ನೀವು ಹೊಂದಿಸಬೇಕಾದದ್ದು 24,000 ಎಂದು ಮುಖಕ್ಕೆ ಹೇಳಿದಂತೆ ಹೇಳಿತ್ತು.

ತಾಯಿ ಎರಡು ಪತ್ರಗಳನ್ನೂ ಅಕ್ಕಪಕ್ಕ ಇಟ್ಟು, “ಇವರು ಬಾಕಿ ಸೊನ್ನೆ ಅಂತಾರೆ, ಅವರು ಇಪ್ಪತ್ನಾಲ್ಕು ಸಾವಿರ ಕೊಡಿ ಅಂತಾರೆ. ಇದರಲ್ಲಿ ಯೋಚನೆ ಮಾಡೋದೇನಿದೆ ಹೇಳಿ?” ಎಂದು ಕೇಳಿದರು. ಓದು ಬಲ್ಲ, ಮನೆಯ ಲೆಕ್ಕವನ್ನು ಇಪ್ಪತ್ತು ವರ್ಷ ನಿಭಾಯಿಸಿದ ಹೆಂಗಸು ಹೀಗೆ ಕೇಳಿದರೆ ತಪ್ಪು ಅವರದ್ದಲ್ಲ, ಪತ್ರದ್ದು. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ, ಅಲ್ಲಿನ 91% ಕಾಲೇಜುಗಳು ತಮ್ಮ ನೆರವಿನ ಪತ್ರಗಳಲ್ಲಿ ವಿದ್ಯಾರ್ಥಿಗೆ ತಗಲುವ ನಿವ್ವಳ ವೆಚ್ಚವನ್ನು ತೋರಿಸುವುದೇ ಇಲ್ಲ, ಇಲ್ಲವೇ ಇರುವುದಕ್ಕಿಂತ ಕಡಿಮೆ ಮಾಡಿ ತೋರಿಸುತ್ತವೆ.

ಆದ್ದರಿಂದ ನಾವು ಮೊದಲು ಮಾಡಿದ ಕೆಲಸವೆಂದರೆ ಒಂದು ಬಿಳಿ ಹಾಳೆಯಲ್ಲಿ ಆ ಐದು ಸಾಲುಗಳನ್ನು ಮತ್ತೆ ಬರೆದು, ತಿರುಗಿ ಕೊಡಬೇಕಿಲ್ಲದ ಹಣದ ಕೆಳಗೆ ಗೆರೆ ಎಳೆದದ್ದು. ಗೆರೆಯ ಮೇಲೆ ಉಳಿದದ್ದು ಎರಡೇ ಸಾಲು, 46,000 ಡಾಲರ್. ಅಂದರೆ ನಿವ್ವಳ ವೆಚ್ಚ ಸೊನ್ನೆಯಲ್ಲ, 38,000. ವರ್ಕ್-ಸ್ಟಡಿಯ 2,500ನ್ನು ನಾನೇ ಮೊದಲು ಗೆರೆಯ ಮೇಲೆ ಬರೆದಿದ್ದೆ. ಹುಡುಗಿ ಕೆಳಗಿನ ಸಣ್ಣಕ್ಷರ ಓದಿ ತಿದ್ದಿದಳು. ಅದು ಬಿಲ್ಲಿನಲ್ಲಿ ಕಳೆಯುವ ಮೊತ್ತವಲ್ಲ, ಕ್ಯಾಂಪಸ್ಸಿನಲ್ಲಿ ಕೆಲಸ ಹುಡುಕಿಕೊಂಡು ದುಡಿದರೆ ಸಂಬಳವಾಗಿ ಬರುವ ಹಣ; ಆಗಸ್ಟ್‌ನಲ್ಲಿ ಶುಲ್ಕ ಕಟ್ಟುವಾಗ ಅದರಲ್ಲಿ ಒಂದು ಡಾಲರ್ ಕೂಡ ಕೈಯಲ್ಲಿರುವುದಿಲ್ಲ.

ಪೇರೆಂಟ್ ಪ್ಲಸ್ ಸಾಲದ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಕೂತೆವು. ಇದು ಫೆಡರಲ್ ಸರ್ಕಾರ ತಂದೆ ಅಥವಾ ತಾಯಿಗೆ ಕೊಡುವ ಸಾಲ, ಅವರ ಹೆಸರಿನಲ್ಲೇ ಇರುತ್ತದೆ, ಮಗಳು ದುಡಿಯತೊಡಗಿದ ಮೇಲೂ ಕಾನೂನಿನ ಕಣ್ಣಿನಲ್ಲಿ ಸಾಲಗಾರರು ಹೆತ್ತವರೇ. ಕೊಡುವಾಗ ಅರ್ಜಿದಾರರು ಹಿಂದಿನ ಸಾಲಗಳಲ್ಲಿ ದೊಡ್ಡ ಮಟ್ಟದಲ್ಲಿ ತಪ್ಪಿದ್ದಾರೆಯೇ ಎಂದು ನೋಡುತ್ತಾರೆಯೇ ಹೊರತು, ಆದಾಯ ಎಷ್ಟು, ತೀರಿಸುವ ಶಕ್ತಿ ಇದೆಯೇ ಎಂದು ಕೇಳುವುದಿಲ್ಲ. ಸಾಲ ಮಂಜೂರಾದದ್ದನ್ನೇ ಶಕ್ತಿಯ ಪ್ರಮಾಣಪತ್ರವೆಂದು ಹಲವರು ತಿಳಿಯುವುದು ಇಲ್ಲಿಯೇ. ಅಲ್ಲದೆ 4.228% ಶುಲ್ಕವನ್ನು ಮೊದಲೇ ಮುರಿದುಕೊಳ್ಳುತ್ತಾರೆ. 30,000 ಬರೆದುಕೊಟ್ಟರೆ ವಿಶ್ವವಿದ್ಯಾಲಯಕ್ಕೆ ತಲಪುವುದು 28,732 ಡಾಲರ್; ಪೂರ್ತಿ 30,000 ತಲಪಬೇಕೆಂದರೆ ಸುಮಾರು 31,324 ಡಾಲರ್ ಸಾಲ ಎತ್ತಬೇಕು. ಹಾಗಾಗಿ ಬಾಕಿ ಸೊನ್ನೆ ಎಂಬುದು ಪತ್ರದ ಸ್ವಂತ ಲೆಕ್ಕದಲ್ಲೂ ಸೊನ್ನೆಯಾಗಿರಲಿಲ್ಲ. ಆ ವರ್ಷ ಚಾಲ್ತಿಯಲ್ಲಿದ್ದ ಬಡ್ಡಿ 9.08%. ಮುಂದಿನ ವರ್ಷದ ದರ ನಿಗದಿಯಾಗುವುದು ಮೇ ತಿಂಗಳಲ್ಲಿ ನಡೆಯುವ ಖಜಾನೆ ಪತ್ರಗಳ ಹರಾಜಿನ ಮೇಲೆ, ಅಂದರೆ ಮುಂಗಡ ಕಟ್ಟುವ ಗಡುವು ಮುಗಿದ ಮೇಲೆ. ಆಮೇಲೆ ಅದು 8.94% ಎಂದು ಗೊತ್ತಾಯಿತು. ಸಾಲದ ದರ ತಿಳಿಯುವ ಮೊದಲೇ ಸಾಲದ ನಿರ್ಧಾರ ಮಾಡಬೇಕಾದ ಈ ಏರ್ಪಾಡು ನನಗೆ ಇಂದಿಗೂ ವಿಚಿತ್ರವಾಗಿಯೇ ಕಾಣುತ್ತದೆ.

ವಿದ್ಯಾರ್ಥಿಯ ಹೆಸರಿನ ಫೆಡರಲ್ ಸಾಲ ಇಷ್ಟು ಭಯಪಡುವಂಥದ್ದಲ್ಲ. ಹೆತ್ತವರ ಅವಲಂಬನೆಯಲ್ಲಿರುವ ವಿದ್ಯಾರ್ಥಿಗೆ ಮೊದಲ ವರ್ಷ 5,500, ಎರಡನೆಯ ವರ್ಷ 6,500, ಆಮೇಲೆ ವರ್ಷಕ್ಕೆ 7,500 ಎಂಬ ಮಿತಿ ಇದೆ. ನಾಲ್ಕು ವರ್ಷಕ್ಕೆ 27,000. ಹತ್ತು ವರ್ಷದ ಕಂತಿನಲ್ಲಿ ತಿಂಗಳಿಗೆ ಸುಮಾರು 300 ಡಾಲರ್ ಬರುತ್ತದೆ, ಪದವಿ ಮುಗಿಸಿ ಕೆಲಸ ಹಿಡಿದವರು ಕಟ್ಟಬಹುದಾದ ಮೊತ್ತ. ಇದು ಎರಡೂ ಕಡೆ ಒಂದೇ ಆದ್ದರಿಂದ ತಕ್ಕಡಿಯ ಎರಡೂ ತಟ್ಟೆಗಳಿಗೆ ಹಾಕಿ ಮುಂದೆ ಹೋದೆವು.

ಪತ್ರಗಳು ಹೇಳುವುದು ಒಂದು ವರ್ಷದ ಮಾತು, ಓದು ನಾಲ್ಕು ವರ್ಷದ್ದು. ಖಾಸಗಿ ವಿಶ್ವವಿದ್ಯಾಲಯದ ಮೆರಿಟ್ ಸ್ಕಾಲರ್‌ಶಿಪ್ ಎಂಟು ಸೆಮಿಸ್ಟರ್‌ಗಳಿಗೆ ಖಚಿತವಾಗಿತ್ತು, ಸರಾಸರಿ ಅಂಕ 4ಕ್ಕೆ 3.3ಕ್ಕಿಂತ ಕೆಳಗಿಳಿಯಬಾರದೆಂಬ ಷರತ್ತಿನೊಂದಿಗೆ. ಆದರೆ ಆ 30,000 ಎಂಬ ಮೊತ್ತ ನಾಲ್ಕು ವರ್ಷವೂ 30,000 ಆಗಿಯೇ ಇರುತ್ತದೆ. ಶುಲ್ಕ ಮಾತ್ರ ಪ್ರತಿ ವರ್ಷ ಏರುತ್ತದೆ. ಏರಿಕೆಯನ್ನು ವರ್ಷಕ್ಕೆ 4% ಎಂದು ಹಿಡಿದರೆ, 84,000 ಇರುವ ವೆಚ್ಚ ನಾಲ್ಕನೆಯ ವರ್ಷಕ್ಕೆ 94,489 ಆಗುತ್ತದೆ, ನೆರವು 46,000ದಲ್ಲೇ ನಿಂತಿದ್ದರೆ ಕುಟುಂಬದ ಪಾಲು 38,000ದಿಂದ 48,489ಕ್ಕೆ ಏರುತ್ತದೆ. ಶುಲ್ಕ ಏರುವುದು 4%ರ ಲೆಕ್ಕದಲ್ಲಿ, ಮನೆಯವರ ಪಾಲು ಏರುವುದು ಅದರ ದುಪ್ಪಟ್ಟು ವೇಗದಲ್ಲಿ, ಏಕೆಂದರೆ ಏರಿದ್ದೆಲ್ಲವೂ ಅವರ ತಲೆಯ ಮೇಲೆಯೇ ಬೀಳುತ್ತದೆ. ಹೀಗೆ ನಾಲ್ಕು ವರ್ಷದ ನಿವ್ವಳ ವೆಚ್ಚ ಖಾಸಗಿಯಲ್ಲಿ ಸುಮಾರು 1,72,700, ರಾಜ್ಯದಲ್ಲಿ ಅದೇ ಲೆಕ್ಕದಂತೆ ಸುಮಾರು 1,04,100 ಡಾಲರ್.

ಇಷ್ಟರಲ್ಲಿ ಹೊರಬಿದ್ದ ಒಂದು ಸಂಗತಿಯಿಂದ ಪ್ರಕರಣದ ದಿಕ್ಕೇ ಬದಲಾಯಿತು. ತಂದೆಯವರ ಕೆಲಸ 2024ರ ನವೆಂಬರ್‌ನಲ್ಲಿ ಹೋಗಿತ್ತು. ಫೆಬ್ರುವರಿಯಲ್ಲಿ ಬೇರೆ ಕೆಲಸ ಸಿಕ್ಕಿತ್ತು, ಸಂಬಳ ಮೊದಲಿಗಿಂತ ಸಾಕಷ್ಟು ಕಡಿಮೆ. ಈ ಮಾತು ಅವರು ಯಾರಿಗೂ ಹೇಳಿರಲಿಲ್ಲ, ನೆರವಿನ ಕಚೇರಿಗಳಿಗಂತೂ ತಿಳಿದೇ ಇರಲಿಲ್ಲ. ನೆರವಿನ ಫೆಡರಲ್ ಅರ್ಜಿಯಾದ ಫ್ಯಾಫ್ಸಾ ಕೇಳುವುದು ಎರಡು ವರ್ಷ ಹಿಂದಿನ ಆದಾಯ. 2025–26ರ ಅರ್ಜಿಗೆ 2023ರ ತೆರಿಗೆ ಲೆಕ್ಕ. ಆ ವರ್ಷ ತಂದೆಯ ಸಂಬಳ ಭರ್ತಿ ಇತ್ತು. ಎರಡೂ ವಿಶ್ವವಿದ್ಯಾಲಯಗಳು ಇಲ್ಲದ ಸಂಬಳವನ್ನು ಇದೆ ಎಂದುಕೊಂಡು ನೆರವನ್ನು ಅಳೆದಿದ್ದವು.

ಇಂತಹ ಸಂದರ್ಭದಲ್ಲಿ ಅಂಕಿಗಳನ್ನು ಬದಲಿಸಿ ಮರುಲೆಕ್ಕ ಹಾಕುವ ಅಧಿಕಾರವನ್ನು ಅಮೆರಿಕದ ಉನ್ನತ ಶಿಕ್ಷಣ ಕಾಯ್ದೆಯು ಪ್ರತಿ ವಿಶ್ವವಿದ್ಯಾಲಯದ ನೆರವಿನ ಅಧಿಕಾರಿಗೆ ಕೊಟ್ಟಿದೆ; ಅಲ್ಲಿಯವರು ಇದನ್ನು ಪ್ರೊಫೆಷನಲ್ ಜಡ್ಜ್‌ಮೆಂಟ್ ಎನ್ನುತ್ತಾರೆ. ತಂದೆಗೆ ಇದು ಬೇಡಿಕೊಂಡಂತೆ ಕಂಡಿತು, ಎರಡು ದಿನ ಹಿಂದೇಟು ಹಾಕಿದರು. “ನಮ್ಮ ಕಷ್ಟ ಅವರ ಮುಂದೆ ಹೇಳ್ಕೊಳ್ಳೋದು ಹೇಗೆ?” ಎಂಬುದು ಅವರ ಪ್ರಶ್ನೆ. ಕೊನೆಗೆ ಬರೆದ ಪತ್ರ ಒಂದೇ ಪುಟದ್ದು. ಕೆಲಸ ಹೋದ ದಿನಾಂಕ, ಹಳೆಯ ಸಂಬಳ, ಹೊಸ ಸಂಬಳ, 2025ರಲ್ಲಿ ನಿರೀಕ್ಷಿಸಬಹುದಾದ ಒಟ್ಟು ಆದಾಯ ಇಷ್ಟೇ ಅದರಲ್ಲಿತ್ತು. ಜೊತೆಗೆ ಕಂಪನಿ ಕೊಟ್ಟ ಲೇಆಫ್ ಪತ್ರ, ಕೊನೆಯ ಸಂಬಳ ಚೀಟಿ, ನಿರುದ್ಯೋಗ ಭತ್ಯೆಯ ವಿವರ ಮತ್ತು ಹೊಸ ಕೆಲಸದ ಆಫರ್ ಲೆಟರ್ ಇರಿಸಿದೆವು. ಬೇರೆ ವಿಶ್ವವಿದ್ಯಾಲಯ ಹೆಚ್ಚು ಕೊಡುತ್ತಿದೆ ಎಂಬ ಚೌಕಾಸಿಯ ಮಾತನ್ನು ಬರೆಯಬಾರದೆಂದು ನಾನು ಹಟ ಹಿಡಿದೆ. ಅಧಿಕಾರಿಗೆ ಬೇಕಾದದ್ದು ಕಡತದಲ್ಲಿ ಇಟ್ಟುಕೊಳ್ಳಬಹುದಾದ ದಾಖಲೆ, ಕಡತದಲ್ಲಿ ಇಡಲಾಗದ ಒತ್ತಾಯವಲ್ಲ.

ಹನ್ನೆರಡು ದಿನಗಳ ನಂತರ ಖಾಸಗಿ ವಿಶ್ವವಿದ್ಯಾಲಯ ತನ್ನ ಗ್ರಾಂಟನ್ನು 16,000ದಿಂದ 23,000ಕ್ಕೆ ಏರಿಸಿತು. ರಾಜ್ಯ ವಿಶ್ವವಿದ್ಯಾಲಯದ ಉತ್ತರ ಬಡವಾಗಿತ್ತು. ರಾಜ್ಯದ ಗ್ರಾಂಟಿನ ಗಡುವು ಮುಗಿದಿದ್ದರಿಂದ ಹೊಸ ಹಣವಿಲ್ಲ, ಆದರೆ ವಿದ್ಯಾರ್ಥಿ ಸಾಲದ 5,500ರಲ್ಲಿ 3,500 ಭಾಗವನ್ನು ಓದುವ ಕಾಲದ ಬಡ್ಡಿಯನ್ನು ಸರ್ಕಾರವೇ ಭರಿಸುವ ಸಬ್ಸಿಡಿ ಸಾಲವಾಗಿ ಬದಲಿಸಿದ್ದರು. ಮನೆಯಲ್ಲಿ ಅಂದು ಸಂಭ್ರಮ. ಖಾಸಗಿಯ ನಿವ್ವಳ ವೆಚ್ಚ 31,000ಕ್ಕೆ ಇಳಿದಿತ್ತು, ವ್ಯತ್ಯಾಸ ಕೇವಲ ಏಳು ಸಾವಿರ ಎಂದು ಹುಡುಗಿ ಫೋನಿನಲ್ಲಿ ಹೇಳುವಾಗ ಅವಳ ದನಿಯಲ್ಲಿ ಆಯ್ಕೆ ಮುಗಿದೇ ಹೋಗಿತ್ತು.

ಆ ಸಂಭ್ರಮಕ್ಕೆ ತಣ್ಣೀರು ಎರಚಿದವನು ನಾನೇ. ಏರಿಸಿದ ಏಳು ಸಾವಿರ ಮುಂದಿನ ವರ್ಷವೂ ಸಿಗುತ್ತದೆಯೇ ಎಂದು ಕೇಳಿ ನೋಡಿ ಎಂದೆ. ಮೆರಿಟ್ ಸ್ಕಾಲರ್‌ಶಿಪ್‌ಗೆ ನಾಲ್ಕು ವರ್ಷದ ಭರವಸೆ ಇದೆ, ಗ್ರಾಂಟನ್ನು ಮಾತ್ರ ಪ್ರತಿ ವರ್ಷ ಹೊಸದಾಗಿ ಲೆಕ್ಕ ಹಾಕುತ್ತೇವೆ ಎಂಬ ಉತ್ತರ ಬಂತು. ಈಗ ವರ್ಷಗಳನ್ನು ಜೋಡಿಸಿ ನೋಡಬೇಕು. ಎರಡನೆಯ ವರ್ಷದ, ಅಂದರೆ 2026–27ರ ಫ್ಯಾಫ್ಸಾ ನೋಡುವುದು 2024ರ ಆದಾಯವನ್ನು. 2024ರಲ್ಲಿ ತಂದೆ ಹನ್ನೊಂದು ತಿಂಗಳು ಹಳೆಯ ಸಂಬಳ ಪಡೆದಿದ್ದರು, ಅದರ ಮೇಲೆ ಕೆಲಸದಿಂದ ತೆಗೆದಾಗ ಕಂಪನಿ ಪರಿಹಾರವಾಗಿ ಕೊಟ್ಟ ಸೆವೆರೆನ್ಸ್ ಮೊತ್ತವೂ ಅದೇ ವರ್ಷದ ಲೆಕ್ಕಕ್ಕೆ ಸೇರಿತ್ತು. ಕೆಲಸ ಕಳೆದುಕೊಂಡ ವರ್ಷವೇ ಕಾಗದದ ಮೇಲೆ ಅವರ ಅತ್ಯಂತ ಶ್ರೀಮಂತ ವರ್ಷ. ಕಡಿಮೆ ಸಂಬಳದ 2025 ಲೆಕ್ಕಕ್ಕೆ ಬರುವುದು ಮೂರನೆಯ ವರ್ಷದ ಅರ್ಜಿಯಲ್ಲಿ ಮಾತ್ರ. ನಡುವಿನ ವರ್ಷಕ್ಕೆ ಮತ್ತೆ ಇದೇ ಮನವಿ, ಇದೇ ದಾಖಲೆ, ಇದೇ ಕಾಯುವಿಕೆ, ಅದಕ್ಕೆ ಅಧಿಕಾರಿ ಒಪ್ಪುವರೆಂಬ ಖಾತ್ರಿಯಿಲ್ಲ.

ಮತ್ತೊಂದು ಎಳೆ ಹುಡುಗಿಯ ತಮ್ಮನದು. ಅವನು 2027ರಲ್ಲಿ ಕಾಲೇಜಿಗೆ ಬರುತ್ತಾನೆ. ಒಂದೇ ಮನೆಯ ಇಬ್ಬರು ಒಟ್ಟಿಗೆ ಓದುತ್ತಿದ್ದರೆ ಹೆತ್ತವರ ಪಾಲನ್ನು ಇಬ್ಬರಿಗೂ ಹಂಚುವ ಪದ್ಧತಿ ಫೆಡರಲ್ ಸೂತ್ರದಲ್ಲಿ ಹಿಂದೆ ಇತ್ತು. 2024–25ರಿಂದ ಅದು ಹೋಗಿದೆ. ಹಿರಿಯ ಮಕ್ಕಳನ್ನು ಐದಾರು ವರ್ಷ ಹಿಂದೆ ಓದಿಸಿದ ಬಂಧುಗಳು, ಇಬ್ಬರು ಸೇರಿದರೆ ನೆರವು ತಾನೇ ಜಾಸ್ತಿ ಆಗುತ್ತೆ ಎಂದು ಇವರಿಗೆ ಧೈರ್ಯ ಹೇಳಿದ್ದರು. ಅವರ ಕಾಲಕ್ಕೆ ಅದು ನಿಜವಾಗಿತ್ತು.

ಹೀಗಾಗಿ ಲೆಕ್ಕವನ್ನು ತಿಂಗಳ ಕಂತಿಗೆ ಇಳಿಸಿದೆವು, ಏಕೆಂದರೆ ಲಕ್ಷದ ಅಂಕಿಗಳನ್ನು ಎದುರಿಟ್ಟರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಮಗಳ ಹೆಸರಿನಲ್ಲಿ ಕೂಡಿಟ್ಟ ಶಿಕ್ಷಣ ಉಳಿತಾಯ 40,000, ಅವಳ ಸ್ವಂತ ಸಾಲ 27,000. ಈ ಎರಡನ್ನೂ ಕಳೆದು ಉಳಿದದ್ದನ್ನು 48 ತಿಂಗಳಿಗೆ ಹಂಚಿದರೆ, ರಾಜ್ಯ ವಿಶ್ವವಿದ್ಯಾಲಯಕ್ಕೆ ತಿಂಗಳಿಗೆ ಸುಮಾರು 775 ಡಾಲರ್. ಖಾಸಗಿಗೆ, ಏರಿಸಿದ ಗ್ರಾಂಟ್ ನಾಲ್ಕೂ ವರ್ಷ ಉಳಿದರೆ 1,620, ಮೊದಲ ವರ್ಷ ಮಾತ್ರ ಸಿಕ್ಕರೆ 2,055. ಹೊಸ ಸಂಬಳದಲ್ಲಿ ಮನೆ ಕಂತು, ವಿಮೆ, ಊಟ ತಿಂಡಿ ಕಳೆದು ಎತ್ತಿಡಬಹುದಾದದ್ದು 900 ಎಂದು ತಾಯಿ ಖಚಿತವಾಗಿ ಹೇಳಿದರು. ಆ ಅಂಕಿಯನ್ನು ಅವರು ಯೋಚಿಸಿ ಹೇಳಲಿಲ್ಲ, ಕಳೆದ ಮೂರು ತಿಂಗಳ ಬ್ಯಾಂಕ್ ಲೆಕ್ಕ ತೆಗೆದು ತೋರಿಸಿದರು. ಅಂದರೆ ಖಾಸಗಿಯನ್ನು ಆರಿಸಿದರೆ ಹೆತ್ತವರ ಹೆಸರಿನಲ್ಲಿ 34,500ರಿಂದ 55,500 ಡಾಲರ್‌ವರೆಗೆ ಪ್ಲಸ್ ಸಾಲ ನಿಲ್ಲುತ್ತಿತ್ತು. 9% ಬಡ್ಡಿ, ಹತ್ತು ವರ್ಷದ ಅವಧಿ ಎಂದುಕೊಂಡರೆ, ಓದುವ ಕಾಲದಲ್ಲಿ ಬೆಳೆಯುವ ಬಡ್ಡಿಯನ್ನು ಬಿಟ್ಟೇ, ತಿಂಗಳಿಗೆ 440ರಿಂದ 700ರವರೆಗಿನ ಕಂತು. ಅದು ಹುಡುಗಿಯ ತಮ್ಮ ಕಾಲೇಜಿನಲ್ಲಿರುವ ವರ್ಷಗಳಲ್ಲೇ ಎದುರಾಗುತ್ತಿತ್ತು.

ಈ ಅಂಕಿಗಳನ್ನು ನೋಡಿಯೂ ಖಾಸಗಿಯನ್ನು ಒಪ್ಪಿಬಿಡುವುದು ಹುಚ್ಚುತನ ಎಂದು ನಾನು ಹೇಳಲಾರೆ. ಮೂವತ್ತೈದು ಸಾವಿರದ ಸಾಲ ಎಷ್ಟೋ ಮನೆಗಳು ಹೊತ್ತು ತೀರಿಸಿದ ಹೊರೆ. ಗ್ರಾಂಟ್ ನಾಲ್ಕು ವರ್ಷ ಖಚಿತವೆಂದು ಬರೆದುಕೊಟ್ಟಿದ್ದರೆ ನಾನೂ ಅದಕ್ಕೇ ಕೈ ಎತ್ತುತ್ತಿದ್ದೆ. ನನ್ನ ಅಳುಕು ಮೊತ್ತದ್ದಲ್ಲ, ಅನಿಶ್ಚಿತತೆಯದ್ದು: ಮೂರನೆಯ ವರ್ಷದಲ್ಲಿ ನೆರವು ಕುಸಿದರೆ ಅರ್ಧ ಪದವಿಯನ್ನು ಕೈಯಲ್ಲಿ ಹಿಡಿದು ಬೇರೆಡೆಗೆ ಹೋಗುವುದು ಸುಲಭವಲ್ಲ, ಆಗ ಯಾವ ಬಡ್ಡಿಗಾದರೂ ಸಹಿ ಹಾಕುವ ಸ್ಥಿತಿ ಬರುತ್ತದೆ.

ಹಣದಾಚೆಯ ಎರಡು ವಿಚಾರಗಳನ್ನು ಹುಡುಗಿ ತಾನೇ ವಿಚಾರಿಸಿ ತಂದಳು. ರಾಜ್ಯ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಸೇರಿದ ಮೇಲೆ ಒಳಗೇ ಮತ್ತೊಂದು ಸ್ಪರ್ಧೆ ಇತ್ತು, ಆದರೆ ಸಂಖ್ಯಾಶಾಸ್ತ್ರಕ್ಕೆ ಆ ತಡೆ ಇರಲಿಲ್ಲ. ನಿಗದಿತ ಗಣಿತದ ಕೋರ್ಸುಗಳಲ್ಲಿ ಪಾಸಾದರೆ ಸಾಕಿತ್ತು. ಈ ಉತ್ತರ ಬೇರೆ ಬಂದಿದ್ದರೆ ಅಗ್ಗದ ಸೀಟು ಅಗ್ಗವಾಗಿ ಉಳಿಯುತ್ತಿರಲಿಲ್ಲ, ಏಕೆಂದರೆ ಬೇಡದ ವಿಷಯ ಓದುವುದಕ್ಕೋ ಐದನೆಯ ವರ್ಷ ಉಳಿಯುವುದಕ್ಕೋ ಬೆಲೆ ತೆರಬೇಕಾಗುತ್ತಿತ್ತು. ಇನ್ನೊಂದು, ಹೈಸ್ಕೂಲಿನಲ್ಲಿ ಬರೆದ, ಕಾಲೇಜು ಮಟ್ಟದ ಎಪಿ ಪರೀಕ್ಷೆಗಳದ್ದು. ಅವುಗಳಲ್ಲಿ ನಾಲ್ಕಕ್ಕೆ ರಾಜ್ಯ ವಿಶ್ವವಿದ್ಯಾಲಯ ಕ್ರೆಡಿಟ್ (ಆ ಕೋರ್ಸನ್ನು ಮುಗಿಸಿದಂತೆಯೇ ಎಂಬ ಮಾನ್ಯತೆ) ಕೊಡುತ್ತಿತ್ತು, ಖಾಸಗಿಯದು ಒಂದಕ್ಕೆ ಮಾತ್ರ. ಬಳಿಕ ಅವಳು ಒಂದು ಸಾಮಾನ್ಯ ಬುಧವಾರ ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋಗಿ, ಮುನ್ನೂರು ಜನ ಕೂತ ಮೊದಲ ವರ್ಷದ ತರಗತಿಯ ಹಿಂದಿನ ಸಾಲಿನಲ್ಲಿ ಕೂತು ಬಂದಳು. ಚೆನ್ನಾಗಿತ್ತು ಎಂದು ಅವಳು ಹೇಳಲಿಲ್ಲ. ಪ್ರಾಧ್ಯಾಪಕರ ಭೇಟಿ ವೇಳೆಯಲ್ಲಿ ಬಾಗಿಲ ಬಳಿ ನಾಲ್ಕೇ ಜನ ನಿಂತಿದ್ದರು ಎಂದಳು.

ಏಪ್ರಿಲ್ 29ರ ರಾತ್ರಿ ರಾಜ್ಯ ವಿಶ್ವವಿದ್ಯಾಲಯಕ್ಕೆ ಮುಂಗಡ ಕಟ್ಟಿದರು. ಎರಡೂ ಕಡೆ ಕಟ್ಟಿ ಬೇಸಿಗೆಯವರೆಗೆ ಯೋಚಿಸೋಣ ಎಂಬ ಸಲಹೆ ಒಬ್ಬರಿಂದ ಬಂದಿತ್ತು. ಕಾಯುವ ಪಟ್ಟಿಯಲ್ಲಿರುವ ಇನ್ನೊಂದು ಮಗುವಿನ ಸೀಟನ್ನು ಅಷ್ಟು ಕಾಲ ತಡೆದಂತಾಗುತ್ತದೆ ಎಂದು ತಾಯಿಯೇ ಬೇಡವೆಂದರು. ಖಾಸಗಿ ವಿಶ್ವವಿದ್ಯಾಲಯದ ನೆರವಿನ ಅಧಿಕಾರಿಗೆ ತಂದೆ ಎರಡು ಸಾಲಿನ ಕೃತಜ್ಞತೆಯ ಪತ್ರ ಬರೆದರು.

ನಿರ್ಧಾರದ ನಂತರದ ಕೆಲಸಗಳು ಸಣ್ಣವು, ಆದರೆ ಒಂದೊಂದಕ್ಕೂ ಗಡುವು ಇತ್ತು. ಸ್ಥಳೀಯ ಸಂಘವೊಂದು ಹುಡುಗಿಗೆ ಕೊಟ್ಟ 3,000 ಡಾಲರ್ ಸ್ಕಾಲರ್‌ಶಿಪ್ಪನ್ನು ವಿಶ್ವವಿದ್ಯಾಲಯಕ್ಕೆ ತಿಳಿಸಬೇಕಿತ್ತು, ತಿಳಿಸಿದರೆ ತಾನು ಕೊಟ್ಟ ಗ್ರಾಂಟಿನಲ್ಲಿ ಅಷ್ಟನ್ನು ವಿಶ್ವವಿದ್ಯಾಲಯ ಕಡಿತ ಮಾಡುವ ಸಾಧ್ಯತೆ ಇತ್ತು. ಮೊದಲೇ ಬರೆದು ಕೇಳಿದ್ದರಿಂದ ಆ ಹಣವನ್ನು ಸಾಲದ ಸಬ್ಸಿಡಿಯಿಲ್ಲದ ಭಾಗದಲ್ಲಿ ಮೊದಲು ಕಳೆಯಲು ಅವರು ಒಪ್ಪಿದರು. ಜುಲೈನಲ್ಲಿ ಮೊದಲ ಬಿಲ್ ಸಿದ್ಧವಾದಾಗ ಅದು ಹೆತ್ತವರ ಕಣ್ಣಿಗೆ ಬೀಳಲೇ ಇಲ್ಲ. ವಿಶ್ವವಿದ್ಯಾಲಯ ಸೇರಿದ ವಿದ್ಯಾರ್ಥಿಯ ದಾಖಲೆಗಳ ಮೇಲಿನ ಹಕ್ಕು 1974ರ ಫೆರ್ಪಾ ಕಾಯ್ದೆಯಂತೆ ವಿದ್ಯಾರ್ಥಿಗೇ ಸೇರಿದ್ದು, ಅವಳು ತನ್ನ ಖಾತೆಯಲ್ಲಿ ತಂದೆಗೆ ಅನುಮತಿ ಕೊಟ್ಟ ಮೇಲೆಯೇ ಬಿಲ್ ಕಂಡದ್ದು. ಕಂಡಾಗ ಅದರಲ್ಲಿ ನೆರವಿನ ಪತ್ರದಲ್ಲಿ ಎಲ್ಲೂ ಇಲ್ಲದ ಒಂದು ಸಾಲು ಇತ್ತು: ವಿದ್ಯಾರ್ಥಿ ಆರೋಗ್ಯ ವಿಮೆ, ಸಾವಿರ ಡಾಲರ್‌ಗೂ ಮೇಲೆ. 26 ವರ್ಷದವರೆಗೆ ಮಕ್ಕಳು ಹೆತ್ತವರ ವಿಮೆಯಲ್ಲಿ ಇರಬಹುದಾದ್ದರಿಂದ, ತಂದೆಯ ಹೊಸ ಕಂಪನಿಯ ವಿಮಾ ಕಾರ್ಡಿನ ಎರಡೂ ಬದಿಯ ಫೋಟೊ ಸೇರಿಸಿ ವಿನಾಯಿತಿ ಅರ್ಜಿ ತುಂಬಿದ ಮೇಲೆ ಅದು ಬಿಲ್ಲಿನಿಂದ ಹೋಯಿತು. ದೂರದ ರಾಜ್ಯಕ್ಕೆ ಹೋಗಿದ್ದರೆ, ಆ ವಿಮೆಯ ಆಸ್ಪತ್ರೆಗಳ ಜಾಲ ಅಲ್ಲಿ ಇಲ್ಲದ ಕಾರಣ, ಈ ವಿನಾಯಿತಿ ಸಿಗುವುದು ಕಷ್ಟವಿತ್ತು. ಏಪ್ರಿಲ್‌ನಲ್ಲಿ ಇದು ನಮ್ಮ ಯಾರ ಲೆಕ್ಕದಲ್ಲೂ ಇರಲಿಲ್ಲ.

ಅದೇ ಜುಲೈ 4ರಂದು ಅಮೆರಿಕದಲ್ಲಿ ಹೊಸ ಕಾನೂನು ಬಂದು, 2026ರ ಜುಲೈ 1ರಿಂದ ಹೊಸದಾಗಿ ಪೇರೆಂಟ್ ಪ್ಲಸ್ ಸಾಲ ಎತ್ತುವವರಿಗೆ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಎಂಬ ಮಿತಿ ಬಿತ್ತು. 2027ರಲ್ಲಿ ತಮ್ಮನಿಗೆ ಬರುವ ಪತ್ರದಲ್ಲಿ 30,000ದ ಪ್ಲಸ್ ಸಾಲು ಇರುವಂತಿಲ್ಲ.

ಅಕ್ಟೋಬರ್‌ನಲ್ಲಿ ಎರಡನೆಯ ವರ್ಷದ ಫ್ಯಾಫ್ಸಾ ತುಂಬಿದರು. 2024ರ ಆದಾಯ ಸೆವೆರೆನ್ಸ್ ಸಮೇತ ಒಳಗೆ ಹೋಯಿತು, ನಿರೀಕ್ಷಿಸಿದಂತೆಯೇ ಕುಟುಂಬದ ಶಕ್ತಿಯನ್ನು ತೋರುವ ಸೂಚ್ಯಂಕ ಮೇಲೇರಿತು. ತಂದೆ ಆ ಸಂಜೆ ಫೋನ್ ಮಾಡಿ, ಏಪ್ರಿಲ್‌ನಲ್ಲಿ ಕಟ್ಟಿಟ್ಟ ದಾಖಲೆಗಳ ಕಡತವನ್ನು ಮತ್ತೆ ತೆಗೆದಿದ್ದೇನೆ, ಪತ್ರದಲ್ಲಿ ದಿನಾಂಕ ಮತ್ತು ಹೊಸ ಸಂಬಳ ಚೀಟಿ ಬದಲಿಸಿದರೆ ಸಾಕಲ್ಲವೇ ಎಂದು ಕೇಳಿದರು. ಸಾಕು ಎಂದೆ. ಈ ಸಲ ಅವರು ಎರಡು ದಿನ ಕಾಯಲಿಲ್ಲ. ಅಂದು ರಾತ್ರಿಯೇ ಕಳಿಸಿದರು.